ಲೆಕ್ಕದಲ್ಲಿ ಕರಗಿಹೋಗುವ ಸಂಬಳ

ಹೆಂಗಸರ ಸಂಬಳ, ಗಂಡಸರ ಸಂಬಳ ಅಂತ ಮಾತು ಶುರುವಾದರೆ ಸಾಕು, ಗುಂಪಿನಲ್ಲಿ ಒಬ್ಬರಾದರೂ ಇದನ್ನು ಹೇಳೇ ಹೇಳುತ್ತಾರೆ. ‘ಅದೆಲ್ಲ ಹಳೇ ಕಥೆ ಕಣ್ರೀ. ಅದೇ ಕೆಲಸ, ಅದೇ ಅನುಭವ, ಅಷ್ಟೇ ಗಂಟೆ ದುಡಿದರೆ ಈಗ ಇಬ್ಬರಿಗೂ ಒಂದೇ ಸಂಬಳ. ಲೆಕ್ಕ ಸರಿಯಾಗಿ ಹಾಕಿ ನೋಡಿ, ವ್ಯತ್ಯಾಸ ಕರಗಿಹೋಗುತ್ತೆ.’ ಹೀಗೆ ಹೇಳುವವರು ಕೆಟ್ಟವರೇನಲ್ಲ. ಎಷ್ಟೋ ಸಲ ಅಂಕಿ-ಅಂಶ ಚೆನ್ನಾಗಿ ಬಲ್ಲವರೇ ಆಗಿರುತ್ತಾರೆ. ಅವರ ಲೆಕ್ಕವೂ ಬಹುಮಟ್ಟಿಗೆ ಸರಿಯೇ. ನನ್ನ ತಕರಾರು ಲೆಕ್ಕದ ಮೇಲಲ್ಲ. ಲೆಕ್ಕ ಮುಗಿದ ಕೂಡಲೇ ಅವರು ಪುಸ್ತಕ ಮುಚ್ಚಿಬಿಡುತ್ತಾರಲ್ಲ, ಅದರ ಮೇಲೆ. ಕಾರಣ ಸಿಕ್ಕಿತು, ಹಾಗಾಗಿ ಅನ್ಯಾಯ ಇಲ್ಲ ಅಂತ.

ಆ ಲೆಕ್ಕ ಏನು ಅಂತ ಮೊದಲು ನೋಡಿಬಿಡೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪ್ರಕಾರ ಜಗತ್ತಿನಲ್ಲಿ ಹೆಂಗಸರ ಸಂಬಳ ಗಂಡಸರದ್ದಕ್ಕಿಂತ ಸರಾಸರಿ ಸುಮಾರು ಶೇ. 20ರಷ್ಟು ಕಡಿಮೆ. ಇದು ಏನನ್ನೂ ಸೋಸದ, ಒಟ್ಟಾರೆ ಅಂತರ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಫ್ರಾನ್ಸೀನ್ ಬ್ಲಾ ಮತ್ತು ಲಾರೆನ್ಸ್ ಕಾನ್ ತಮ್ಮ ದೇಶದ 2010ರ ಅಂಕಿಗಳನ್ನು ಹಿಡಿದು ಕೂತರು. ಪೂರ್ಣಾವಧಿ ದುಡಿಯುವವರಲ್ಲಿ ಗಂಡಸಿಗೆ ಗಂಟೆಗೆ 100 ಸಿಕ್ಕರೆ ಹೆಂಗಸಿಗೆ 79 ಸಿಗುತ್ತಿತ್ತು. ಆಮೇಲೆ ಒಂದೊಂದೇ ಕಾರಣ ಸೇರಿಸುತ್ತಾ ಹೋದರು. ಎಷ್ಟು ಓದಿದ್ದಾರೆ, ಎಷ್ಟು ವರ್ಷ ದುಡಿದಿದ್ದಾರೆ, ಯಾವ ಉದ್ದಿಮೆ, ಯಾವ ಹುದ್ದೆ, ಯೂನಿಯನ್ ಇದೆಯೋ ಇಲ್ಲವೋ. ಇವೆಲ್ಲ ಒಂದೇ ಥರ ಇರುವ ಗಂಡಸರನ್ನೂ ಹೆಂಗಸರನ್ನೂ ಹೋಲಿಸಿದಾಗ 79 ಇದ್ದದ್ದು ಸುಮಾರು 92 ಆಯಿತು. ಅಂದರೆ 21ರ ಅಂತರದಲ್ಲಿ 13ಕ್ಕೆ ಕಾರಣ ಸಿಕ್ಕಿತು. ಉಳಿದ 8ಕ್ಕೆ ಸಿಗಲಿಲ್ಲ.

ವಾದ ಮಾಡುವವರೆಲ್ಲ ಆ 8ರ ಸುತ್ತ ಜಗಳ ಆಡುತ್ತಾರೆ. ಅದು ತಾರತಮ್ಯವೋ, ಅಳೆಯದೆ ಬಿಟ್ಟ ಬೇರೇನೋ ಅಂತ. ನನ್ನನ್ನು ಜಾಸ್ತಿ ಕಾಡುವುದು ಆ 13. ಅದರಲ್ಲಿ ಓದಿನ ಪಾತ್ರ ಇಲ್ಲ. ಓದಿನಲ್ಲಿ ಹೆಂಗಸರೇ ಒಂದು ಹೆಜ್ಜೆ ಮುಂದಿದ್ದರು. ದೊಡ್ಡ ಪಾಲು ಬಂದಿದ್ದು ಉದ್ದಿಮೆ ಮತ್ತು ಹುದ್ದೆಯಿಂದ. ಕಡಿಮೆ ಸಂಬಳದ ಹುದ್ದೆಗಳಲ್ಲಿ ಹೆಂಗಸರು ಜಾಸ್ತಿ ಇದ್ದಾರೆ, ಅದಕ್ಕೇ ಅವರ ಸಂಬಳ ಕಡಿಮೆ. ಸರಿ, ಒಪ್ಪೋಣ. ಆದರೆ ಆ ಹುದ್ದೆಗೆ ಇಷ್ಟೇ ಸಂಬಳ ಅಂತ ಬರೆದವರು ಯಾರು? ಯಾವ ಲೆಕ್ಕದಲ್ಲಿ ಬರೆದರು? ಅಂಕಿ-ಅಂಶದವರು ‘ಹುದ್ದೆಗೆ ಸರಿಹೊಂದಿಸಿದೆ’, ಅಂದರೆ ಒಂದೇ ಹುದ್ದೆಯವರನ್ನಷ್ಟೇ ಹೋಲಿಸಿದೆ, ಅಂದಾಗ ಈ ಪ್ರಶ್ನೆ ಮೇಜಿನಿಂದ ಕೆಳಗೆ ಬೀಳುತ್ತದೆ. ದುಡ್ಡಂತೂ ಎಲ್ಲೂ ಸರಿಹೊಂದುವುದಿಲ್ಲ. ಮನೆ ಬಾಡಿಗೆ ಕಟ್ಟುವಾಗ ‘ನಿಮ್ಮ ಹುದ್ದೆಗೆ ಸರಿಹೊಂದಿಸಿ ಸ್ವಲ್ಪ ಕಡಿಮೆ ಕೊಡಿ ಮೇಡಂ’ ಅಂತ ಯಾರೂ ಹೇಳಲ್ಲ.

ನಾನು ಹಲವು ವರ್ಷ ಸಂಬಳದ ಪಟ್ಟಿ ತಯಾರಿಸುವ ವಿಭಾಗದಲ್ಲಿ ಇದ್ದವಳು. ಸಂಬಳದ ಪಟ್ಟಿ ನೋಡಿದವರಿಗೆ ಗೊತ್ತು, ಅದರಷ್ಟು ನಿರ್ಭಾವದ ಕಾಗದ ಇನ್ನೊಂದಿಲ್ಲ. ನೌಕರರ ನಂಬರು, ಹೆಸರು, ಗ್ರೇಡು, ಸೇರಿದ ತಾರೀಕು, ಮೂಲ ವೇತನ, ಭತ್ಯೆ, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ), ಕಡಿತ, ಕೊನೆಗೆ ಕೈಗೆ ಬರುವ ಮೊತ್ತ. ಹೆಣ್ಣು-ಗಂಡು ಅಂತ ಒಂದು ಕಾಲಂ ಅದರಲ್ಲಿ ಇರುವುದೇ ಇಲ್ಲ. ಹೆಸರಿನ ಅಕ್ಷರದ ಪ್ರಕಾರ ಜೋಡಿಸಿದರೆ ಏನೂ ಕಾಣಲ್ಲ. ಮೂಲ ವೇತನದ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸಿ, ಸುಮ್ನೆ ಹೆಸರುಗಳನ್ನು ಓದುತ್ತಾ ಬನ್ನಿ. ಅರ್ಧ ಪುಟ ದಾಟುವ ಹೊತ್ತಿಗೆ ಹೆಸರುಗಳು ಬದಲಾಗಿರುತ್ತವೆ. ಆದರೆ ಯಾವುದೇ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇದು ಯಾಕೆ ಹೀಗೆ?’ ಅಂತ ಕೇಳಿ. ಉತ್ತರ ಸಿದ್ಧವಾಗಿರುತ್ತದೆ, ಅದಕ್ಕೆ ಸಹಿಯೂ ಇರುತ್ತದೆ.

ಒಂದು ಸಲ ಒಂದೇ ಹುದ್ದೆಗೆ ಇಬ್ಬರನ್ನು ಆರಿಸಿದ್ದರು. ಇಬ್ಬರಿಗೂ ಇಂಟರ್‌ವ್ಯೂನಲ್ಲಿ ಹೆಚ್ಚುಕಮ್ಮಿ ಒಂದೇ ಅಂಕ. ಅರ್ಜಿಯಲ್ಲಿ ‘ಹಿಂದಿನ ಸಂಬಳ’ ಅಂತ ಒಂದು ಕಾಲಂ ಇತ್ತು. ಹಿಂದಿನ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಸೇರಿಸಿ ಕೊಡುವುದು ಆ ಸಂಸ್ಥೆಯ ರೂಲು. ಗಂಡಸು ಮಧ್ಯೆ ಎಲ್ಲೂ ನಿಲ್ಲದೆ ದುಡಿದು ಬಂದವರು. ಆಕೆ ಮಗುವಿಗಾಗಿ ಕೆಲಸ ಬಿಟ್ಟು, ಮತ್ತೆ ಸೇರುವಾಗ ಸಿಕ್ಕಿದ ಸಂಬಳಕ್ಕೆ ಒಪ್ಪಿಕೊಂಡಿದ್ದವರು. ರೂಲಿನ ಪ್ರಕಾರ ಲೆಕ್ಕ ಹಾಕಿದಾಗ ಅವರ ಸಂಬಳಕ್ಕೂ ಇವರದ್ದಕ್ಕೂ ಐದನೇ ಒಂದು ಭಾಗ ವ್ಯತ್ಯಾಸ ಬಂತು. ‘ಒಂದೇ ಹುದ್ದೆ ಅಲ್ವಾ ಸರ್?’ ಅಂತ ಮೇಲಧಿಕಾರಿಯನ್ನು ಕೇಳಿದೆ. ‘ಹುದ್ದೆ ಒಂದೇ ಕಣಮ್ಮ. ರೂಲೂ ಇಬ್ಬರಿಗೂ ಒಂದೇ. ನಾವೇನು ಮೋಸ ಮಾಡಿದ್ವಾ?’ ಅಂದರು. ಮಾಡಿರಲಿಲ್ಲ. ಅದೇ ತೊಂದರೆ.

ಈ ರೂಲು ಏನು ಮಾಡುತ್ತದೆ ಅಂತ ಸುಮ್ನೆ ಗುಣಿಸಿ ನೋಡಿ. ಒಬ್ಬರು 100ರಿಂದ ಶುರು ಮಾಡುತ್ತಾರೆ, ಇನ್ನೊಬ್ಬರು 80ರಿಂದ. ಇಬ್ಬರಿಗೂ ಪ್ರತಿ ವರ್ಷ ಶೇ. 10 ಇನ್‌ಕ್ರಿಮೆಂಟ್, ತಾರತಮ್ಯವೇ ಇಲ್ಲ. ಹತ್ತು ವರ್ಷ ಕಳೆದ ಮೇಲೆ ಒಬ್ಬರು 259, ಇನ್ನೊಬ್ಬರು 207. ಇಪ್ಪತ್ತರ ಅಂತರ ಐವತ್ತೆರಡಾಯಿತು. ನಿವೃತ್ತಿ ಹೊತ್ತಿಗೆ ಸಿಗುವ ಇಡಿಗಂಟು, ಪಿಂಚಣಿ ಎಲ್ಲ ಇದೇ ಮೂಲ ವೇತನದ ಮೇಲೆ ನಿಂತಿರುತ್ತವೆ. ಯಾವಾಗಲೋ, ಯಾವುದೋ ಬೇರೆ ಸಂಸ್ಥೆಯಲ್ಲಿ ನಡೆದ ತಾರತಮ್ಯ ಹೊಸ ಸಂಸ್ಥೆಗೆ ಕಾನೂನುಬದ್ಧವಾಗಿ ವರ್ಗವಾಗಿ ಬರುತ್ತದೆ. ಹೊಸಬರು ಅದನ್ನು ಹುಟ್ಟಿಸಲಿಲ್ಲ, ಸಾಕಿದರು ಅಷ್ಟೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಇದನ್ನೇ ಹಿಡಿದು ಒಂದು ಕಾನೂನು ಮಾಡಿತು. ಕೆಲಸ ಕೊಡ್ತೀವಿ, ಸಂಬಳ ಇಷ್ಟು ಅಂತ ಹೇಳುವ ಮೊದಲು ಹಿಂದಿನ ಸಂಬಳ ಕೇಳುವ ಹಾಗಿಲ್ಲ ಅಂತ. ಕೇಳುವುದಕ್ಕೆ ಎಷ್ಟು ಚಿಕ್ಕ ವಿಷಯ, ಒಂದು ಕಾಲಂ ತೆಗೆದುಹಾಕುವುದು.

ಇನ್ನೊಂದು ಗೋಡೆ ಅಂದರೆ ಗುಟ್ಟು. ಪಕ್ಕದ ಕುರ್ಚಿಯವರ ಸಂಬಳ ಎಷ್ಟು ಅಂತ ಗೊತ್ತಿಲ್ಲದಿದ್ದರೆ ತನಗೆ ಕಡಿಮೆ ಇದೆ ಅಂತ ಗೊತ್ತಾಗುವುದಾದರೂ ಹೇಗೆ? ಲಿಲ್ಲಿ ಲೆಡ್‌ಬೆಟರ್ ಎಂಬಾಕೆ 1979ರಲ್ಲಿ ಅಲಬಾಮಾದ ಗ್ಯಾಡ್ಸ್‌ಡನ್‌ನ ಗುಡ್‌ಇಯರ್ ಟೈರ್ ಕಾರ್ಖಾನೆ ಸೇರಿದರು. ಹೆಚ್ಚಿನ ಕಾಲ ಮೇಲ್ವಿಚಾರಕಿಯಾಗಿ ದುಡಿದರು. ಅಲ್ಲಿ ಸಂಬಳದ ವಿಷಯ ಬಾಯಿ ಬಿಡುವ ಹಾಗಿರಲಿಲ್ಲ. ನಿವೃತ್ತಿ ಹತ್ತಿರ ಬಂದಾಗ ಯಾರೋ ಹೆಸರು ಹೇಳದೆ ಒಂದು ಚೀಟಿ ತಲುಪಿಸಿದರು. ಅದರಲ್ಲಿ ಅವರದ್ದೂ, ಅದೇ ಕೆಲಸ ಮಾಡುತ್ತಿದ್ದ ಗಂಡಸರದ್ದೂ ಸಂಬಳ ಬರೆದಿತ್ತು. 1997ರ ಕೊನೆಗೆ ಅವರ ತಿಂಗಳ ಸಂಬಳ 3,727 ಡಾಲರ್. ಅದೇ ಹುದ್ದೆಯ ಗಂಡಸರಲ್ಲಿ ಅತಿ ಕಡಿಮೆ ಪಡೆಯುವವನದ್ದು 4,286, ಅತಿ ಹೆಚ್ಚು ಪಡೆಯುವವನದ್ದು 5,236.

ಆ ಚೀಟಿಯನ್ನು ಕೈಯಲ್ಲಿ ಹಿಡಿದ ಗಳಿಗೆಯನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಕಡಿಮೆ ಸಿಕ್ಕಿದ್ದು ಆ ತಿಂಗಳಲ್ಲ. ಅಲ್ಲಿಯವರೆಗಿನ ಪ್ರತಿ ಓಟಿ, ಮುಂದಿನ ಪಿಂಚಣಿ, ಎಲ್ಲ ಆ ಅಂಕಿಯ ಮೇಲೇ ಲೆಕ್ಕವಾಗಿದ್ದು. ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ಕೊನೆಗೆ 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಾಲ್ಕರ ವಿರುದ್ಧ ಐದು ಮತಗಳಿಂದ ಹೇಳಿದ್ದು ಇದು: ಸಂಬಳ ನಿಗದಿಯಾದ 180 ದಿನದೊಳಗೆ ದೂರು ಕೊಡಬೇಕಿತ್ತು. ಗುಟ್ಟಾಗಿ ನಡೆದ ತೀರ್ಮಾನಕ್ಕೆ 180 ದಿನದ ಗಡುವು! ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತವನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿ, ಸಂಸತ್ತೇ ಇದನ್ನು ಸರಿಪಡಿಸಲಿ ಅಂದರು. 2009ರ ಜನವರಿಯಲ್ಲಿ ಬರಾಕ್ ಒಬಾಮ ಅಧ್ಯಕ್ಷರಾದ ಮೇಲೆ ಸಹಿ ಹಾಕಿದ ಮೊದಲ ಕಾನೂನು ಲೆಡ್‌ಬೆಟರ್ ಹೆಸರಿನದ್ದು. ಕಡಿಮೆ ಸಂಬಳದ ಪ್ರತಿ ಚೆಕ್ಕಿನೊಂದಿಗೂ ಗಡುವು ಹೊಸದಾಗಿ ಶುರುವಾಗುತ್ತದೆ ಅಂತ ಅದು ಹೇಳಿತು. ಅವರ ಕೈಗೆ ಮಾತ್ರ ಕಂಪನಿಯಿಂದ ಬಿಡಿಗಾಸೂ ಬರಲಿಲ್ಲ.

ಈಗ ಗ್ರೇಡಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಆ 13ರಲ್ಲಿ ಬಹುಪಾಲು ಅಡಗಿರುವುದು ಇಲ್ಲೇ.

1968ರಲ್ಲಿ ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವ 187 ಹೆಂಗಸರು ಕೆಲಸ ನಿಲ್ಲಿಸಿದರು. ಸಮಾನ ವೇತನದ ಹೋರಾಟ ಅಂತಲೇ ಇದು ಇತಿಹಾಸಕ್ಕೆ ಸೇರಿದೆ. ಆದರೆ ಅವರ ಮೊದಲ ದೂರು ಗ್ರೇಡಿನದ್ದು. ಕಂಪನಿ ಎಲ್ಲ ಕೆಲಸಗಳನ್ನೂ ಅಳೆದು ತೂಗಿ ಗ್ರೇಡ್ ಕೊಟ್ಟಿತ್ತು. ಹೊಲಿಗೆಯವರಿಗೆ ಸಿಕ್ಕಿದ್ದು ಬಿ, ಅಂದರೆ ಕೌಶಲ ಕಡಿಮೆ ಬೇಕಾದ ಕೆಲಸ. ವಿಚಿತ್ರ ಏನು ಅಂದರೆ, ಆ ಕೆಲಸಕ್ಕೆ ಸೇರುವ ಮೊದಲು ಅವರು ಮಷೀನಿನ ಮೇಲೆ ಹೊಲಿದು ತೋರಿಸಿ ಪಾಸಾಗಬೇಕಿತ್ತು. ದಪ್ಪ ರೆಕ್ಸಿನ್ನಿನ ಥರದ ಬಟ್ಟೆಯ ತುಂಡುಗಳನ್ನು, ಡೊಂಕು ಅಂಚನ್ನು ಹೊಂದಿಸಿ, ಸೂಜಿ ಬೆರಳಿಗೆ ತಾಗದ ಹಾಗೆ, ವೇಗವಾಗಿ ಓಡಿಸಬೇಕು. ಹೊಲಿಗೆ ಮಷೀನಿನ ಮುಂದೆ ಒಂದು ಗಂಟೆ ಕೂತವರಿಗೂ ಗೊತ್ತು, ಇದು ಕೈಗೆ ಹತ್ತಬೇಕಾದ ವಿದ್ಯೆ. ಆದರೆ ಹೆಂಗಸರು ಮನೆಯಲ್ಲೇ ಕಲಿತು ಬರುವ ವಿದ್ಯೆಯಾದ್ದರಿಂದ ಅದು ಕೌಶಲದ ಪಟ್ಟಿಗೆ ಸೇರಲಿಲ್ಲ. ಕಂಪನಿ ದುಡ್ಡು ಖರ್ಚು ಮಾಡಿ ಕಲಿಸಿದ್ದರೆ ಬಹುಶಃ ಸೇರುತ್ತಿತ್ತು! ಅದರ ಮೇಲೆ ಇನ್ನೊಂದು ಪೆಟ್ಟು: ಅದೇ ಬಿ ಗ್ರೇಡಿನ ಗಂಡಸರ ರೇಟಿನಲ್ಲಿ ಹೆಂಗಸರಿಗೆ ಶೇ. 85 ಮಾತ್ರ.

ಸೀಟಿಲ್ಲದೆ ಕಾರು ಹೊರಗೆ ಹೋಗಲ್ಲ. ಮೂರು ವಾರದಲ್ಲಿ ಕಾರ್ಖಾನೆ ನಿಂತಿತು. ಮಂತ್ರಿ ಬಾರ್ಬರಾ ಕ್ಯಾಸಲ್ ಮಧ್ಯೆ ಬಂದು ಮಾತುಕತೆ ನಡೆಸಿದರು. ಶೇ. 85 ಇದ್ದದ್ದು 92ಕ್ಕೆ ಏರಿತು. ಎರಡು ವರ್ಷದಲ್ಲಿ, 1970ರಲ್ಲಿ, ಬ್ರಿಟನ್ನಿನ ಸಮಾನ ವೇತನ ಕಾನೂನು ಬಂತು. ಎಲ್ಲರೂ ಇಲ್ಲಿಗೆ ಕಥೆ ಮುಗಿಸುತ್ತಾರೆ. ಗ್ರೇಡು ಮಾತ್ರ ಹಾಗೇ ಉಳಿಯಿತು. ಆ ಕೆಲಸ ಕೌಶಲದ ಕೆಲಸ ಅಂತ ಕಂಪನಿ ಒಪ್ಪಿದ್ದು 1984ರಲ್ಲಿ, ಇನ್ನೊಂದು ಮುಷ್ಕರ ಆದ ಮೇಲೆ. ಅಂದರೆ ಒಂದೇ ಗ್ರೇಡಿನೊಳಗಿನ ಅಂತರ ಮೊದಲು ಮುಚ್ಚುತ್ತಾ ಬಂತು. ಹೆಂಗಸರ ಕೆಲಸಕ್ಕೇ ಕೆಳಗಿನ ಗ್ರೇಡು ಕೊಟ್ಟ ತೀರ್ಮಾನ ಹದಿನಾರು ವರ್ಷ ಅಲ್ಲಾಡಲಿಲ್ಲ. ಅಷ್ಟೂ ಕಾಲ ಯಾರಾದರೂ ‘ಗ್ರೇಡಿಗೆ ಸರಿಹೊಂದಿಸಿ’ ಲೆಕ್ಕ ಹಾಕಿದ್ದರೆ ಅವರಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

ಭಾರತದ ಸುಪ್ರೀಂ ಕೋರ್ಟಿನ ಮುಂದೆ 1987ರಲ್ಲಿ ಬಂದ ಒಂದು ಕೇಸಿನಲ್ಲೂ ಇದೇ ಜಾಣತನ ಇತ್ತು. ಹಡಗು ವ್ಯವಹಾರದ ಒಂದು ಕಂಪನಿ ಮಹಿಳಾ ಸ್ಟೆನೋಗಳಿಗೆ ಗಂಡು ಸ್ಟೆನೋಗಳಿಗಿಂತ ಕಡಿಮೆ ಕೊಡುತ್ತಿತ್ತು. ಕಾರಣ ಕೇಳಿದರೆ, ಈ ಹೆಂಗಸರು ಹಿರಿಯ ಅಧಿಕಾರಿಗಳ ಗೋಪ್ಯ ಕೆಲಸ ನೋಡಿಕೊಳ್ಳುವವರು, ಆ ಕೆಲಸದಲ್ಲಿ ಗಂಡಸರೇ ಇಲ್ಲ, ಹಾಗಾಗಿ ಹೋಲಿಕೆಯ ಪ್ರಶ್ನೆಯೇ ಬರಲ್ಲ ಅಂತ ವಾದ. ಕೋರ್ಟು ಇದನ್ನು ಒಪ್ಪಲಿಲ್ಲ. ಕೆಲಸ ಒಂದೇ ಸ್ವರೂಪದ್ದು ಅಂತ ಹೇಳಿತು. ಕೊಡಲು ನಮ್ಮ ಹತ್ತಿರ ದುಡ್ಡಿಲ್ಲ ಅನ್ನುವುದೂ ನೆಪ ಆಗಲ್ಲ ಅಂತ ಸೇರಿಸಿತು.

ಹಾಗಾದರೆ ನಿಜವಾಗಿಯೂ ಬರೀ ಹೆಂಗಸರೇ ಮಾಡುವ ಕೆಲಸ ಇದ್ದರೆ? ಹೋಲಿಸಲು ಪಕ್ಕದಲ್ಲಿ ಗಂಡಸೇ ಇಲ್ಲದಿದ್ದರೆ? ನ್ಯೂಜಿಲೆಂಡಿನ ಕ್ರಿಸ್ಟೀನ್ ಬಾರ್ಟ್‌ಲೆಟ್ ಕೇಳಿದ್ದು ಇದನ್ನೇ. ವೃದ್ಧಾಶ್ರಮದಲ್ಲಿ ವಯಸ್ಸಾದವರ ಆರೈಕೆ ಮಾಡುವ ಕೆಲಸ ಅವರದ್ದು. ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು, ಮರೆವಿನ ರೋಗಿ ಹೊಡೆಯಲು ಬಂದಾಗ ಸಮಾಧಾನ ಮಾಡುವುದು. 20 ವರ್ಷದ ಮೇಲೆ ಅನುಭವ ಇದ್ದರೂ ಗಂಟೆಗೆ 14.32 ಡಾಲರ್ ಸಿಗುತ್ತಿತ್ತು. ಮಾಲೀಕರು ಹೇಳಿದ್ದು ನಿಜವೇ: ಅಲ್ಲಿದ್ದ ಬೆರಳೆಣಿಕೆಯ ಗಂಡಸರಿಗೂ ಅದೇ ಸಂಬಳ. ಕೋರ್ಟು ಬೇರೆ ಥರ ಯೋಚಿಸಿತು. ಇಷ್ಟೇ ಕೌಶಲ, ಇಷ್ಟೇ ಹೊಣೆ, ಇಷ್ಟೇ ಶ್ರಮ ಇರುವ ಕೆಲಸವನ್ನು ಗಂಡಸರು ಮಾಡುತ್ತಿದ್ದಿದ್ದರೆ ಎಷ್ಟು ಸಿಗುತ್ತಿತ್ತು ಅಂತ ನೋಡಬಹುದು ಅಂದಿತು. ಸರ್ಕಾರ ಮಾತುಕತೆಗೆ ಇಳಿಯಿತು. 2017ರಲ್ಲಿ ಸುಮಾರು 55,000 ಆರೈಕೆ ಕೆಲಸಗಾರರಿಗೆ ಐದು ವರ್ಷದಲ್ಲಿ 200 ಕೋಟಿ ನ್ಯೂಜಿಲೆಂಡ್ ಡಾಲರ್ ವೆಚ್ಚದ ಒಪ್ಪಂದ ಆಯಿತು. ಒಬ್ಬಾಕೆಯ ಕೇಸು ಇಡೀ ಒಂದು ವೃತ್ತಿಯ ಬೆಲೆಯನ್ನೇ ಮೇಲೆತ್ತಿತು. ‘ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ’ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದದಲ್ಲಿ ಬರೆದಿದ್ದು 1951ರಲ್ಲಿ. ಅದು ಒಬ್ಬ ಆರೈಕೆಯವಳ ಪೇಸ್ಲಿಪ್ಪಿನವರೆಗೆ ನಡೆದು ಬರಲು ಎಷ್ಟು ಕಾಲ ಹಿಡಿಯಿತು ನೋಡಿ.

ಕೆಲಸದ ಬೆಲೆ ಮೊದಲೇ ಕಡಿಮೆ ಇತ್ತು, ಹೆಂಗಸರು ಆಮೇಲೆ ಅಲ್ಲಿಗೆ ಹೋದರು ಅಂತ ಕೆಲವರು ಹೇಳುತ್ತಾರೆ. ಅಮೆರಿಕದ 1950ರಿಂದ 2000ದವರೆಗಿನ ಜನಗಣತಿಯನ್ನು ಇಟ್ಟುಕೊಂಡು ಆಸಾಫ್ ಲೆವನಾನ್, ಪೌಲಾ ಇಂಗ್ಲೆಂಡ್ ಮತ್ತು ಪಾಲ್ ಆ್ಯಲಿಸನ್ ಇದನ್ನು ಪರೀಕ್ಷಿಸಿದರು. ಅವರಿಗೆ ಕಂಡದ್ದು ತಿರುಗಾಮುರುಗ. ಒಂದು ವೃತ್ತಿಗೆ ಹೆಂಗಸರು ಜಾಸ್ತಿ ಬಂದ ಮೇಲೆ ಆ ವೃತ್ತಿಯ ಸಂಬಳ ಇಳಿಯುತ್ತಾ ಹೋಗಿತ್ತು. ಇನ್ನೊಂದು ದಿಕ್ಕಿನ ಉದಾಹರಣೆ ಕಂಪ್ಯೂಟರ್ ಪ್ರೋಗ್ರಾಮಿಂಗ್. 1940ರ ದಶಕದಲ್ಲಿ ಎನಿಯಾಕ್ ಎಂಬ ಮೊದಮೊದಲ ಕಂಪ್ಯೂಟರಿಗೆ ಪ್ರೋಗ್ರಾಂ ಮಾಡಿದ್ದು ಆರು ಜನ ಹೆಂಗಸರು. ಆಗ ಅದು ಗುಮಾಸ್ತೆಯ ಕೆಲಸದ ಸಾಲಿಗೆ ಸೇರಿತ್ತು. ಗಂಡಸರು ತುಂಬಿಕೊಂಡ ಮೇಲೆ ಅದರ ಬೆಲೆ ಎಲ್ಲಿಗೆ ಹೋಯಿತು ಅಂತ ನಾನು ಹೇಳಬೇಕಿಲ್ಲ.

ಮಾರುಕಟ್ಟೆ ತಾನೇ ಇದನ್ನು ಸರಿಮಾಡುತ್ತದೆ ಅಂತ ನಂಬುವವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1957ರಲ್ಲಿ ಮಂಡಿಸಿದ ವಾದದ ತಿರುಳು ಇದು: ತಾರತಮ್ಯ ಮಾಡುವ ಮಾಲೀಕ ತನ್ನ ಜೇಬಿಗೇ ಕತ್ತರಿ ಹಾಕಿಕೊಳ್ಳುತ್ತಾನೆ. ಪಕ್ಕದವನು ಅದೇ ಯೋಗ್ಯತೆಯ ಹೆಂಗಸರನ್ನು ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು ಅವನನ್ನು ಸೋಲಿಸುತ್ತಾನೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪಕ್ಕದವನು ಅವರನ್ನು ಕಡಿಮೆಗೆ ಸೇರಿಸಿಕೊಳ್ಳಲು ಆಗುವುದೇ ಎಲ್ಲರೂ ಕಡಿಮೆ ಕೊಡುವುದರಿಂದ ಅಲ್ವಾ? ಅವನು ಮೇಲೆ ಹೋಗಿ ಜಾಸ್ತಿ ಕೊಡುವ ಅವಸರ ಏನಿದೆ? ಸಂಬಳದ ಪಟ್ಟಿ ಮಾಡಿದ ಅನುಭವದಲ್ಲಿ ಹೇಳುತ್ತೇನೆ, ಕಡಿಮೆಗೆ ಒಪ್ಪಿ ಬಂದವರಿಗೆ ತಾವಾಗಿ ಹೆಚ್ಚು ಕೊಟ್ಟ ಕಂಪನಿಯನ್ನು ನಾನು ಕಂಡಿಲ್ಲ.

ಇದರ ಅರ್ಥ ನೇರ ತಾರತಮ್ಯ ಇಲ್ಲ ಅಂತಲ್ಲ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಶೋಧಕರು ಅಮೆರಿಕದ 127 ಮಂದಿ ವಿಜ್ಞಾನ ಪ್ರೊಫೆಸರುಗಳಿಗೆ ಪ್ರಯೋಗಾಲಯದ ಹುದ್ದೆಯ ಒಂದೇ ಅರ್ಜಿಯನ್ನು ಕಳಿಸಿದರು. ಕೆಲವರಿಗೆ ಜಾನ್ ಹೆಸರಿನಲ್ಲಿ, ಕೆಲವರಿಗೆ ಜೆನಿಫರ್ ಹೆಸರಿನಲ್ಲಿ. ಅಕ್ಷರ ಅಕ್ಷರ ಒಂದೇ. ಜಾನ್‌ಗೆ ಸರಾಸರಿ ವರ್ಷಕ್ಕೆ 30,238 ಡಾಲರ್ ಕೊಡಬಹುದು ಅಂದರು, ಜೆನಿಫರ್‌ಗೆ 26,508. ಪ್ರೊಫೆಸರ್ ಹೆಂಗಸಾಗಿದ್ದರೂ ಫಲಿತಾಂಶ ಬದಲಾಗಲಿಲ್ಲ. ನನಗೆ ಇದಕ್ಕಿಂತ ಚುರುಕು ಮುಟ್ಟಿಸಿದ್ದು ಮಿದುಳಿನ ವಿಜ್ಞಾನಿ ಬೆನ್ ಬ್ಯಾರಿಸ್ ಹೇಳಿಕೊಂಡ ಘಟನೆ. ಹುಟ್ಟಿದ್ದು ಹೆಣ್ಣಾಗಿ, ನಲವತ್ತರ ವಯಸ್ಸಿನಲ್ಲಿ ಗಂಡಾಗಿ ಬದಲಾದವರು. ಆಮೇಲೆ ಕೊಟ್ಟ ಒಂದು ಉಪನ್ಯಾಸ ಕೇಳಿದ ಪ್ರೊಫೆಸರೊಬ್ಬರು, ಇವತ್ತು ಬೆನ್ ಚೆನ್ನಾಗಿ ಮಾತಾಡಿದ, ಅವನ ಕೆಲಸ ಅವನ ತಂಗಿಯ ಕೆಲಸಕ್ಕಿಂತ ಎಷ್ಟೋ ಮೇಲು ಅಂದರಂತೆ.  ತಂಗಿಯದ್ದು ಅಂದುಕೊಂಡ ಆ ಹಳೇ ಕೆಲಸವೂ ಬೆನ್ ಅವರದ್ದೇ.

ಮಕ್ಕಳ ವಿಷಯ ಬರದೆ ಈ ಮಾತು ಮುಗಿಯಲ್ಲ. ಹೆನ್ರಿಕ್ ಕ್ಲೆವೆನ್ ಮತ್ತು ಸಂಗಡಿಗರು ಡೆನ್ಮಾರ್ಕಿನ ದಾಖಲೆಗಳಿಂದ ತಾಯಂದಿರ ಮತ್ತು ತಂದೆಯರ ಗಳಿಕೆಯನ್ನು ವರ್ಷ ವರ್ಷವೂ ಹಿಂಬಾಲಿಸಿ ನಕ್ಷೆಯಲ್ಲಿ ಗೆರೆ ಎಳೆದರು. ಮೊದಲ ಮಗು ಹುಟ್ಟುವವರೆಗೆ ಎರಡೂ ಗೆರೆಗಳು ಜೊತೆಯಾಗಿ ಹೋಗುತ್ತವೆ. ಮಗು ಹುಟ್ಟಿದ ವರ್ಷ ತಾಯಿಯ ಗೆರೆ ದಬಕ್ಕನೆ ಕೆಳಗೆ ಬೀಳುತ್ತದೆ. ತಂದೆಯದ್ದು ಏನೂ ಆಗದ ಹಾಗೆ ಮುಂದೆ ಸಾಗುತ್ತದೆ. ಹತ್ತು-ಇಪ್ಪತ್ತು ವರ್ಷ ಆದರೂ ತಾಯಿಯ ಗಳಿಕೆ ಸುಮಾರು ಶೇ. 20 ಹಿಂದೆಯೇ. ಹೆರಿಗೆ ರಜೆ, ಶಿಶುವಿಹಾರ ಎಲ್ಲ ಜಗತ್ತಿಗೇ ಮಾದರಿ ಅನ್ನುವ ಹಾಗಿರುವ ದೇಶದ ಮಾತು ಇದು.

ಇದು ಆಕೆಯದ್ದೇ ಆಯ್ಕೆ ಅಲ್ವಾ ಅಂತ ಕೇಳುವವರಿಗೆ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಒಂದೇ ಯೋಗ್ಯತೆಯ ಕಾಲ್ಪನಿಕ ಅರ್ಜಿಗಳು. ಕೆಲವದರಲ್ಲಿ ಮಾತ್ರ ಮಕ್ಕಳಿದ್ದಾರೆ ಅಂತ ತಿಳಿಯುವ ಒಂದು ಸಾಲು. ಮಕ್ಕಳಿಲ್ಲದ ಹೆಂಗಸಿಗೆ 1,48,000 ಡಾಲರ್ ಸೂಚಿಸಿದವರು ತಾಯಿಗೆ 1,37,000 ಅಂದರು. ಮಕ್ಕಳಿಲ್ಲದ ಗಂಡಸಿಗೆ 1,44,000, ತಂದೆಗೆ 1,50,000. ಅದೇ ಮಗು ಒಬ್ಬರ ಸಂಬಳ ಇಳಿಸಿತು, ಇನ್ನೊಬ್ಬರದ್ದು ಏರಿಸಿತು. ಅಪ್ರೈಸಲ್ ಮೀಟಿಂಗಿನಲ್ಲಿ ಕೂತವರಿಗೆ ಈ ಧಾಟಿ ಹೊಸದಲ್ಲ. ‘ಅವನಿಗೆ ಸಂಸಾರ ಇದೆ ಪಾಪ, ಸ್ವಲ್ಪ ಜಾಸ್ತಿ ನೋಡಿ.’ ‘ಅವರಿಗೆ ಮಗು ಚಿಕ್ಕದು, ಈ ವರ್ಷ ಪ್ರಮೋಷನ್ ಕೊಟ್ಟು ಯಾಕೆ ಹೊರೆ ಮಾಡೋದು.’ ಎರಡೂ ಕಾಳಜಿಯ ಮಾತೇ. ಅರ್ಧ ಗಂಟೆ ಅಂತರದಲ್ಲಿ, ಒಂದೇ ಬಾಯಿಂದ ಬಂದ ಎರಡನ್ನೂ ನಾನು ಕೇಳಿದ್ದೇನೆ.

ಇಷ್ಟೆಲ್ಲ ಕಳೆದು, ಗಂಟೆಯ ದರವನ್ನು ಕಾಗದದಲ್ಲಿ ಕಟ್ಟಿಹಾಕಿದರೆ? ಯಾರಿಗೂ ಮೇಲೆ ಕೆಳಗೆ ಮಾಡುವ ಅಧಿಕಾರವೇ ಇಲ್ಲದಿದ್ದರೆ? ಬಾಸ್ಟನ್ನಿನ ಬಸ್ಸು ಮತ್ತು ರೈಲು ಚಾಲಕರ ಕೆಲಸ ಹಾಗಿತ್ತು. ಯೂನಿಯನ್ ಒಪ್ಪಂದ, ಎಲ್ಲರಿಗೂ ಒಂದೇ ದರ, ಸೀನಿಯಾರಿಟಿ ಪ್ರಕಾರ ಶಿಫ್ಟ್ ಆಯ್ಕೆ. ವ್ಯಾಲೆಂಟಿನ್ ಬೊಲೊಟ್ನಿ ಮತ್ತು ನಟಾಲಿಯಾ ಇಮ್ಯಾನ್ಯುಯೆಲ್ ಅಲ್ಲಿನ ದಾಖಲೆ ನೋಡಿದಾಗಲೂ ಹೆಂಗಸರ ಗಳಿಕೆ ಶೇ. 11 ಕಡಿಮೆ ಇತ್ತು. ಗಂಡಸರು ಶೇ. 83ರಷ್ಟು ಹೆಚ್ಚು ಓಟಿ ಮಾಡುತ್ತಿದ್ದರು. ಓಟಿಗೆ ಒಂದೂವರೆ ಪಟ್ಟು. ಕೊನೇ ಗಳಿಗೆಯಲ್ಲಿ ‘ಬರ್ತೀರಾ?’ ಅಂತ ಕರೆ ಬಂದರೆ ಗಂಡಸರು ಹೊರಟುಬಿಡುತ್ತಿದ್ದರು. ಹೆಂಗಸರು ಮೊದಲೇ ಗೊತ್ತಿರುವ ಓಟಿಗೆ ಒಪ್ಪುತ್ತಿದ್ದರು, ದಿಢೀರ್ ಓಟಿಗೆ ಆಗುತ್ತಿರಲಿಲ್ಲ. ಮಗುವನ್ನು ಕರೆದುಕೊಂಡು ಬರಬೇಕಾದವರಿಗೆ ದಿಢೀರ್ ಅನ್ನುವುದು ಸಾಧ್ಯವೇ ಇಲ್ಲ. ಸಂಬಳ ಇಲ್ಲದ ರಜೆಯನ್ನೂ ಅವರೇ ಜಾಸ್ತಿ ಹಾಕುತ್ತಿದ್ದರು.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಬಹುಕಾಲದಿಂದ ಹೇಳುತ್ತಾ ಬಂದಿರುವುದು ಇದನ್ನೇ. ಕೆಲವು ಕೆಲಸಗಳು ದುರಾಸೆಯವು. ಕರೆದಾಗ ಬಂದವರಿಗೆ, ರಾತ್ರಿ ಫೋನ್ ಎತ್ತಿದವರಿಗೆ ಗಂಟೆಯ ಲೆಕ್ಕಕ್ಕಿಂತ ಜಾಸ್ತಿ ಕೊಡುತ್ತವೆ. ಮನೆಯಲ್ಲಿ ಇಬ್ಬರಲ್ಲಿ ಒಬ್ಬರು ಅಂಥ ಕೆಲಸ ಹಿಡಿದರೆ ಇನ್ನೊಬ್ಬರು ಮನೆಯ ಕರೆಗೆ ಸಿಗುವ ಹಾಗೆ ಇರಬೇಕು. ಆ ಇನ್ನೊಬ್ಬರು ಯಾರು ಅಂತ ಕೇಳುವುದೇ ಬೇಡ. ಸಂಬಳ ಇಲ್ಲದ ಮನೆಗೆಲಸ ಮತ್ತು ಆರೈಕೆಗೆ ಜಗತ್ತು ದಿನಕ್ಕೆ 1,640 ಕೋಟಿ ಗಂಟೆ ಖರ್ಚು ಮಾಡುತ್ತದೆ, ಅದರಲ್ಲಿ ಮುಕ್ಕಾಲು ಭಾಗ ಹೆಂಗಸರದ್ದು ಅಂತ ಕಾರ್ಮಿಕ ಸಂಘಟನೆ 2018ರಲ್ಲಿ ಲೆಕ್ಕ ಕೊಟ್ಟಿತ್ತು. ಗೋಲ್ಡಿನ್ ಒಂದು ಒಳ್ಳೇ ಉದಾಹರಣೆಯನ್ನೂ ಕೊಡುತ್ತಾರೆ: ಅಮೆರಿಕದ ಔಷಧ ಅಂಗಡಿಗಳ ಫಾರ್ಮಸಿಸ್ಟರು. ಅಲ್ಲಿ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬಹುದು. ದಾಖಲೆ ಕಂಪ್ಯೂಟರಿನಲ್ಲಿದೆ, ಯಾರು ಕೊಟ್ಟರೂ ಮಾತ್ರೆ ಅದೇ. ಹಾಗಾಗಿ ಅರ್ಧ ದಿನ ದುಡಿದರೆ ಅರ್ಧ ಸಂಬಳ, ಅದಕ್ಕಿಂತ ಕಡಿತ ಇಲ್ಲ. ಗಂಡು-ಹೆಣ್ಣಿನ ಅಂತರವೂ ಅಲ್ಲಿ ಬಹಳ ಚಿಕ್ಕದು. ಅದನ್ನು ತಂದದ್ದು ಯಾರ ಒಳ್ಳೇತನವೂ ಅಲ್ಲ, ಕೆಲಸವನ್ನು ಜೋಡಿಸಿದ ರೀತಿ.

‘ಹೆಂಗಸರು ಕೇಳಲ್ಲ, ಅದಕ್ಕೇ ಸಿಗಲ್ಲ’ ಅನ್ನುವ ಮಾತನ್ನು ನಾನು ಇನ್ನು ಮೇಲೆ ಕೇಳಿಸಿಕೊಳ್ಳಲು ಸಿದ್ಧಳಿಲ್ಲ. ಆಸ್ಟ್ರೇಲಿಯಾದ ಸುಮಾರು 4,600 ನೌಕರರ ಮಾಹಿತಿ ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ರೀತಿಯ ಕೆಲಸದಲ್ಲಿದ್ದ ಹೆಂಗಸರೂ ಗಂಡಸರಷ್ಟೇ ಸಲ ಸಂಬಳ ಏರಿಸಿ ಅಂತ ಕೇಳಿದ್ದರು. ಕೇಳಿದ ಗಂಡಸರಲ್ಲಿ ಶೇ. 20 ಮಂದಿಗೆ ಸಿಕ್ಕಿತು, ಹೆಂಗಸರಲ್ಲಿ ಶೇ. 15ಕ್ಕೆ. ಅಷ್ಟೇ ವಿಷಯ.

ಇದಕ್ಕೆಲ್ಲ ಏನು ಮಾಡಬಹುದು ಅಂದರೆ ನನ್ನ ಮಟ್ಟಿಗೆ ಮೊದಲ ಹೆಜ್ಜೆ ಪಟ್ಟಿಯನ್ನು ಬೆಳಕಿಗೆ ತರುವುದು. ಐಸ್‌ಲ್ಯಾಂಡ್ 2018ರಿಂದ, 25 ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳು ತಾವು ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಡುತ್ತಿದ್ದೇವೆ ಅಂತ ಪ್ರಮಾಣಪತ್ರ ಪಡೆಯುವುದನ್ನು ಕಡ್ಡಾಯ ಮಾಡಿತು. ಸಾಬೀತು ಮಾಡುವ ಹೊಣೆ ನೌಕರಳ ಹೆಗಲಿನಿಂದ ಮಾಲೀಕನ ಹೆಗಲಿಗೆ ಬಂತು. 1975ರ ಅಕ್ಟೋಬರ್ 24ರಂದು ಸುಮಾರು ಶೇ. 90 ಹೆಂಗಸರು ಮನೆಗೆಲಸವನ್ನೂ ಹೊರಗಿನ ಕೆಲಸವನ್ನೂ ಬಿಟ್ಟು ಬೀದಿಗೆ ಬಂದ ದೇಶ ಅದು, ಆದ್ದರಿಂದ ಆಶ್ಚರ್ಯ ಇಲ್ಲ. ಡೆನ್ಮಾರ್ಕ್ 2006ರಲ್ಲಿ 35ಕ್ಕಿಂತ ಹೆಚ್ಚು ನೌಕರರ ಸಂಸ್ಥೆಗಳು ಗಂಡು-ಹೆಣ್ಣಿನ ಸಂಬಳದ ಅಂಕಿ ತಯಾರಿಸಬೇಕು ಅಂತ ಕಾನೂನು ಮಾಡಿತು. ಅಂತರ ಕಡಿಮೆಯಾಯಿತು. ಆದರೆ ಹೆಂಗಸರ ಸಂಬಳ ಜಿಗಿದದ್ದರಿಂದಲ್ಲ, ಗಂಡಸರ ಸಂಬಳ ಏರುವ ವೇಗ ತಗ್ಗಿದ್ದರಿಂದ.

ಈ ಫಲಿತಾಂಶ ಹೇಳಿದಾಗ ಕೆಲವರು ‘ನೋಡಿದ್ರಾ, ಯಾರಿಗೂ ಲಾಭ ಆಗಲಿಲ್ಲ’ ಅನ್ನುತ್ತಾರೆ. ನನಗೆ ಹಾಗನ್ನಿಸಲ್ಲ. ಸಂಬಳಕ್ಕೆ ಇಡುವ ದುಡ್ಡು ಒಂದು ವರ್ಷದ ಮಟ್ಟಿಗೆ ಒಂದೇ ಗಂಟು. ಪಟ್ಟಿ ಮಾಡುವಾಗ ನಾವು ಅದನ್ನು ಹಂಚುತ್ತೇವೆ. ಯಾರಿಗೋ ಕಾರಣವಿಲ್ಲದೆ ಹೋಗುತ್ತಿದ್ದದ್ದು ನಿಂತಿತು ಅಂದರೆ ಅದೂ ಒಂದು ಉತ್ತರವೇ. ಆದರೆ ಆ ಉಳಿದದ್ದು ಹೆಂಗಸರ ಸಾಲಿಗೆ ಬರಬೇಕಾದರೆ ಕಾನೂನು ಬರೀ ಅಂಕಿ ಕೇಳಿದರೆ ಸಾಲದು, ಅಂಕಿ ಕೆಟ್ಟದಾಗಿದ್ದರೆ ಮುಂದೇನು ಅಂತಲೂ ಹೇಳಬೇಕು. ಯುರೋಪ್ ಒಕ್ಕೂಟ 2023ರಲ್ಲಿ ಒಪ್ಪಿದ ನಿಯಮ ಅಲ್ಲಿಗೆ ಕೈ ಹಾಕಿದೆ. ಸದಸ್ಯ ದೇಶಗಳು 2026ರ ಜೂನ್ ಒಳಗೆ ಅದನ್ನು ತಮ್ಮ ಕಾನೂನಿಗೆ ಸೇರಿಸಿಕೊಳ್ಳಬೇಕು ಅಂತ ಗಡುವು. ಕೆಲಸಕ್ಕೆ ಕರೆಯುವಾಗಲೇ ಸಂಬಳ ಎಷ್ಟರಿಂದ ಎಷ್ಟು ಅಂತ ಹೇಳಬೇಕು. ಹಿಂದಿನ ಸಂಬಳ ಕೇಳುವ ಹಾಗಿಲ್ಲ. ಒಂದೇ ವರ್ಗದ ಕೆಲಸದಲ್ಲಿ ಸರಾಸರಿ ಅಂತರ ಶೇ. 5 ಮುಟ್ಟಿ, ಅದಕ್ಕೆ ಲಿಂಗಕ್ಕೆ ಸಂಬಂಧವಿಲ್ಲದ ಕಾರಣ ಕೊಡಲಾಗದೆ, ಆರು ತಿಂಗಳಲ್ಲಿ ಸರಿಯೂ ಮಾಡದಿದ್ದರೆ, ನೌಕರರ ಪ್ರತಿನಿಧಿಗಳ ಜೊತೆ ಕೂತು ಇಡೀ ಸಂಬಳದ ವ್ಯವಸ್ಥೆಯನ್ನೇ ಪರಿಶೀಲಿಸಬೇಕು.

ಆ ಮೀಟಿಂಗಿನಲ್ಲಿ ಕೂರುವವರಿಗೆ ನನ್ನದೊಂದು ವಿನಂತಿ. ಕಾರಣಗಳ ಪಟ್ಟಿ ಮೇಜಿಗೆ ಬಂದೇ ಬರುತ್ತದೆ: ಗ್ರೇಡು ಬೇರೆ, ಓಟಿ ಬೇರೆ, ಸರ್ವಿಸ್ ಬೇರೆ. ಅಲ್ಲಿಗೆ ನಿಲ್ಲಿಸಬೇಡಿ. ಈ ಗ್ರೇಡನ್ನು ಯಾವ ವರ್ಷ, ಯಾರು, ಏನನ್ನು ಅಳೆದು ಕೊಟ್ಟರು ಅಂತ ಕೇಳಿ. ಓಟಿ ಕರೆ ಎಷ್ಟು ಗಂಟೆ ಮೊದಲು ಬರುತ್ತದೆ ಅಂತ ಕೇಳಿ. ಸರ್ವಿಸ್ ಮುರಿದವರು ಯಾಕೆ ಮುರಿದರು, ವಾಪಸ್ ಬಂದಾಗ ಎಷ್ಟಕ್ಕೆ ಸೇರಿಸಿಕೊಂಡಿರಿ ಅಂತ ಕೇಳಿ. ಫೈಲು ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಕಾಯಿರಿ.